ಮಗ್ಗದ ಬೆಲೆ ಸೊನ್ನೆ

ಅನ್ನೂರಿನಲ್ಲಿ ನನ್ನನ್ನು ಮೊದಲು ಬೆಚ್ಚಿಬೀಳಿಸಿದ್ದು ತಮಿಳಲ್ಲ, ಕನ್ನಡ. ಕೊಯಮತ್ತೂರಿನಿಂದ ಟೌನ್ ಬಸ್ಸಿನಲ್ಲಿ ಬಂದಿಳಿದು ನೇಕಾರರ ಬೀದಿಯಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆವು. ನಮ್ಮ ಮನೆಯವರು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಸಿದ್ದ "ವೀಡು ವಾಡಗೈಕ್ಕು ಕಿಡೈಕ್ಕುಮಾ" ಎಂಬ ಒಂದೇ ವಾಕ್ಯವನ್ನು ನಾನು ಮನೆಮನೆಯ ಮುಂದೆ ಒಪ್ಪಿಸುತ್ತಾ ಬಂದಿದ್ದೆ. ಮನೆ ಬಾಡಿಗೆಗೆ ಸಿಗುತ್ತದಾ ಎಂದು ಅದರ ಅರ್ಥ. ಒಂದು ಮನೆಯಲ್ಲಿ ಗುಂಡಿ ಮಗ್ಗಕ್ಕೆ ಕಾಲು ಇಳಿಬಿಟ್ಟು ಕೂತಿದ್ದ ಅಜ್ಜಿಯೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗಿದ್ದ ಸೊಸೆಗೆ ಕೂಗಿ ಹೇಳಿದರು: "ಯಾರೋ ಬಂದವ್ರೆ. ಬಿಸ್ಲಿಗೆ ಮೊಖ ರೊಂಬ ಬಾಡಿ ಹೋಗ್ಯದೆ. ಒಂದ್ ಸೊಂಬು ನೀರ್ ಕುಡು."

ನನಗೆ ಅಳುವೇ ಬಂತು. "ಅಜ್ಜಿ, ನೀವು ಕನ್ನಡದೋರಾ?" ಎಂದೆ. ಅವರು ಲಾಳಿಯನ್ನು ಕೈಯಲ್ಲೇ ಹಿಡಿದು ನನಗಿಂತ ಹೆಚ್ಚು ಬೆಚ್ಚಿಬಿದ್ದರು. "ಆಮಾ, ಕನ್ನಡಂ ತಾನೆ. ನಮ್ ಜನ ಬಿಟ್ಟು ಬೇರೆಯೋರೂ ಇದ್ನ ಮಾತಾಡ್ತಾರಾ?" ಎಂದು ಕೇಳಿದರು. ಅವರ ಹೆಸರು ಸೌಡಮ್ಮ. ನಾಲ್ಕೈದು ತಲೆಮಾರಿನಿಂದ ಅಲ್ಲೇ ನೇಯುತ್ತಾ ಬಂದ ಮನೆತನ. ಕನ್ನಡ ಅವರಿಗೆ ಅಡುಗೆಮನೆಯ ಮಾತು, ಮಗ್ಗದ ಮಾತು. ಅದಕ್ಕೆ ಅಕ್ಷರಗಳಿವೆ ಎಂದು ಕೇಳಿದ್ದರಷ್ಟೆ, ಕಂಡಿರಲಿಲ್ಲ. ನಾನು ಸೀಮೆಸುಣ್ಣದಲ್ಲಿ ನೆಲದ ಮೇಲೆ ಅವರ ಹೆಸರು ಬರೆದು ತೋರಿಸಿದೆ. ಸಂಜೆ ಗುಡಿಸುವಾಗ ಆ ಜಾಗವನ್ನು ಬಿಟ್ಟು ಗುಡಿಸಿದರು. ಹಿಂದಿನ ಒಂಟಿ ಕೋಣೆ ನಮಗೆ ಬಾಡಿಗೆಗೆ ಸಿಕ್ಕಿತು.

ದಾವಣಗೆರೆಯಲ್ಲಿ ನಮ್ಮ ಮನೆಯವರು ಕೆಲಸ ಮಾಡುತ್ತಿದ್ದ ಹತ್ತಿ ಗಿರಣಿ ಬಾಗಿಲು ಹಾಕಿದ್ದರಿಂದ ಅವರು ಅನ್ನೂರಿನ ಸಣ್ಣ ಸ್ಪಿನ್ನಿಂಗ್ ಮಿಲ್ಲಿಗೆ ಬಂದಿದ್ದರು. ಹಿಂದೆಯೇ ನಾನೂ ಮಗಳು ಕಾವ್ಯಾಳೂ ಗಂಟುಮೂಟೆ ಕಟ್ಟಿಕೊಂಡು ಬಂದೆವು. ಬಂದ ಹೊಸದರಲ್ಲಿ ಒಲೆಯ ಮುಂದೆಯೇ ಸೋತೆ. ಎಷ್ಟು ಕುದಿಸಿದರೂ ಬೇಳೆ ಬೇಯದು. ಇಲ್ಲಿ ನೀರಿನಲ್ಲಿ ಎರಡು ಜಾತಿ: ಬೋರಿನ ಉಪ್ಪು ತಣ್ಣಿ, ಕುಡಿಯುವ ನಲ್ಲ ತಣ್ಣಿ ಅಂದರೆ ಒಳ್ಳೆಯ ನೀರು. ಬೇಳೆ ಬೇಯುವುದು ಎರಡನೆಯದರಲ್ಲಿ ಮಾತ್ರ, ಅದು ಬರುವುದೋ ತನಗೆ ಮನಸ್ಸು ಬಂದಾಗ. ಬೆಣ್ಣೆ ದೋಸೆಯ ಊರಿನವಳು ಸಜ್ಜೆ ಅಂಬಲಿಗೆ ಸಣ್ಣ ಈರುಳ್ಳಿ ಕಚ್ಚಿಕೊಂಡು ಕುಡಿಯುವುದನ್ನು ಕಲಿತೆ. ನಿಜ ಹೇಳಬೇಕೆಂದರೆ ಈಗ ಅದಿಲ್ಲದೆ ಬೇಸಿಗೆ ಕಳೆಯುವುದಿಲ್ಲ.

ಆದರೆ ಈ ಸೀಮೆಯವರ ಮಾತಿನ ಮರ್ಯಾದೆಗೆ ನಾನು ಮೊದಲ ದಿನವೇ ಮಾರುಹೋದೆ. ಎಲ್ಲದಕ್ಕೂ ಕೊನೆಗೊಂದು "ಂಗ" ಸೇರಿಸುತ್ತಾರೆ. ನಮ್ಮ "ರೀ" ಇದ್ದ ಹಾಗೆ. "ಏನುಂಗ, ಕೊಂಜಂ ತಳ್ಳಿ ನಿಲ್ಲುಂಗ" ಎಂದು ಬಸ್ಸಿನ ಕಂಡಕ್ಟರು ಕೇಳಿದರೆ ಸರಿದು ನಿಲ್ಲದಿರಲು ಯಾರಿಗೂ ಮನಸ್ಸು ಬರಲಾರದು. ನಮ್ಮಲ್ಲಿ ಇದೇ ಮಾತಿಗೆ ಮೊಣಕೈಯನ್ನು ಬಳಸುತ್ತಿದ್ದರು. ದಾವಣಗೆರೆಯವಳಾಗಿಯೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಬ್ಬರ ಸಂಬಳದಲ್ಲಿ ಬದುಕು ಸಾಗುತ್ತಿರಲಿಲ್ಲ. ಮಿಲ್ಲಿನ ಆಫೀಸಿನಲ್ಲಿ ಲೆಕ್ಕ ಬರೆಯುವವರು ಬೇಕಾಗಿದ್ದಾರೆಂದು ಕೇಳಿ ಹೋದೆ. ಮ್ಯಾನೇಜರು ಮಜ್ಜಿಗೆ ಲೋಟ ಕೈಗಿಟ್ಟು, ಡಿಗ್ರಿ ಇದೆಯಾ ಎಂದರು. ಪಿಯುಸಿ ಮುಗಿಸಿದ್ದೆ, ಅಷ್ಟರಲ್ಲಿ ಮದುವೆಯಾಗಿತ್ತು. "ಮುಗಿಸಿಕೊಂಡು ಬಾರಮ್ಮ" ಎಂದರು. ಸಾಗಹಾಕುವ ಮಾತು ಎಂದು ಯಾರಿಗಾದರೂ ತಿಳಿಯುತ್ತಿತ್ತು. ನಾನು ಮಾತ್ರ ಅದನ್ನು ವಚನ ಎಂದೇ ತಗೊಂಡೆ. ಮೂವತ್ತು ದಾಟಿದ ಹೆಂಗಸು ದೂರಶಿಕ್ಷಣದ ಬಿ.ಕಾಂ. ಸೇರಿದಳು. ತಮಿಳು ಓದಲು ಬರದು, ಕನ್ನಡದಲ್ಲಿ ಪಾಠವಿಲ್ಲ, ಹಾಗಾಗಿ ಇಂಗ್ಲಿಷಿನಲ್ಲಿ.

ಪ್ರತಿ ಭಾನುವಾರ ಕೊಯಮತ್ತೂರಿನ ಶಾಲೆಯೊಂದರಲ್ಲಿ ಕ್ಲಾಸು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ತುರುಕಿಕೊಂಡು ಕೂರುತ್ತಿದ್ದೆವು. ಪಕ್ಕದಲ್ಲಿ ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನವರೊಬ್ಬರು, ಹಿಂದೆ ಆಸ್ಪತ್ರೆಯ ನರ್ಸಮ್ಮ. ಮೇಷ್ಟ್ರು ಇಂಗ್ಲಿಷಿನಲ್ಲಿ ಶುರುಮಾಡಿ ವಿಷಯ ಕಗ್ಗಂಟಾದಲ್ಲೆಲ್ಲ ತಮಿಳಿಗೆ ಜಾರುತ್ತಿದ್ದರು. ಎಲ್ಲರಿಗೂ ಬೆಳಕಾಗುವ ಹೊತ್ತಿಗೆ ಸರಿಯಾಗಿ ನನಗೆ ಕತ್ತಲಾಗುತ್ತಿತ್ತು. "ಪುರಿಯುದಾಮ್ಮಾ?" ಎಂದು ಕೇಳುತ್ತಿದ್ದರು. ಅರ್ಥವಾಯಿತಾ ಎಂದು. ನಾನು ಜೋರಾಗಿ ತಲೆಯಾಡಿಸುತ್ತಿದ್ದೆ. ತಲೆಯಾಡಿಸಿದ್ದಕ್ಕೆ ಪರೀಕ್ಷೆಯಲ್ಲಿ ಅಂಕವಿಲ್ಲ. ಉಳಿದದ್ದೆಲ್ಲ ಹೇಗೋ ದಾಟಿದರೂ ಲೆಕ್ಕಶಾಸ್ತ್ರ ಮಾತ್ರ ಸಲಸಲವೂ ಹಿಂದಕ್ಕೆ ತಳ್ಳಿತು. ಕೊನೆಯ ವರ್ಷಕ್ಕೆ ಬರುವಾಗ ಆ ಹಳೆಯ ಬಾಕಿಯನ್ನೂ ಬೆನ್ನಿಗೆ ಕಟ್ಟಿಕೊಂಡೇ ಬಂದೆ.

ಆ ವರ್ಷವೇ ಕರೆಂಟು ಕೈಕೊಟ್ಟಿತು. ದಿನಕ್ಕಿಷ್ಟು ಹೊತ್ತು ಕಡಿತ ಎಂದು ಶುರುವಾದದ್ದು ಬರಬರುತ್ತಾ ಮಿಲ್ಲುಗಳನ್ನೇ ಮಲಗಿಸಿತು. ತಿರುಪ್ಪೂರಿನಿಂದ ನೂಲಿಗೆ ಬೇಡಿಕೆಯೂ ಇಳಿಯಿತು. ನಮ್ಮವರ ಶಿಫ್ಟು ಅರ್ಧಕ್ಕರ್ಧವಾಯಿತು. ಬಾಡಿಗೆ ಕೊಟ್ಟರೆ ಫೀಸಿಲ್ಲ, ಫೀಸು ಕಟ್ಟಿದರೆ ಬಾಡಿಗೆಯಿಲ್ಲ. ಅವರು ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು. ಪುಸ್ತಕಗಳನ್ನು ಚೀಲಕ್ಕೆ ತುಂಬಿ ಮೂಲೆಗಿಟ್ಟು, ಅಜ್ಜಿಯ ಹತ್ತಿರ ಹೋಗಿ, ಓದು ನಿಲ್ಲಿಸುತ್ತೇನೆ, ಬಾಡಿಗೆ ಸರಿಯಾಗಿ ಕೊಡುತ್ತೇನೆ ಎಂದೆ.

ಸೌಡಮ್ಮಜ್ಜಿ ನೇಯ್ಗೆ ನಿಲ್ಲಿಸಲಿಲ್ಲ. "ಎಷ್ಟು ಬಾಕಿ ಅದೆ ಪಡಿಪ್ಪು?" ಎಂದರು.

"ಇದೊಂದೇ ವರ್ಷ, ಅಜ್ಜಿ."

"ಪಾವು ಏರ್ಸಿ ಆಯ್ತು, ಅಮ್ಮಿಣಿ. ಅರ್ಧದಲ್ಲಿ ಕುಯ್ದ್ರೆ ಅದು ಸೀಲೆಯೂ ಆಗಾದು, ತಿರುಗಾ ನೂಲೂ ಆಗಾದು. ಮುಗ್ಸು." ಪಾವು ಅಂದರೆ ಮಗ್ಗಕ್ಕೆ ಹೂಡಿದ ಹಾಸು, ಸೀಲೆ ಅಂದರೆ ಸೀರೆ. ಅಮ್ಮಿಣಿ ಅನ್ನುವುದು ಈ ಕಡೆಯವರು ಮುದ್ದಿನಿಂದ ಹೆಣ್ಣುಮಕ್ಕಳನ್ನು ಕರೆಯುವ ಬಗೆ. "ಸೊಸೆ ಬನಿಯನ್ ಕಂಪ್ನಿ ವ್ಯಾನ್ ಹತ್ತಿ ತಿರುಪ್ಪೂರ್ಗೆ ಹೋಯ್ತಾಳೆ. ನಂಗೆ ತಾರು ಸುತ್ತಿಕುಡೋರು ಇಲ್ಲ. ನೀ ಸುತ್ತು, ಬಾಡ್ಗೆ ಕುಡ್ಬೇಡ. ಆದ್ರೆ ಒಂದು. ಸುಮ್ನೆ ಸುತ್ಬಾರ್ದು. ನಿನ್ ಬುಕ್ಕಲ್ಲಿ ಇರಾದು ನಂಗೆ ಹೇಳ್ಬೇಕು, ನಮ್ ಮಾತಲ್ಲಿ. ದಿನಾ ಈ ಮಗ್ಗದ ಸದ್ದು ಕೇಳಿ ಕೇಳಿ ಸಾಕಾಗಿ ಹೋಗ್ಯದೆ."

ಲಾಳಿಯೊಳಗೆ ಕೂರುವ ಸಣ್ಣ ನೂಲುಂಡೆಗೆ ಊರಲ್ಲಿ ಕಂಡಿಕೆ ಎನ್ನುತ್ತೇವೆ, ಅಲ್ಲಿ ತಾರು. ಬಲಗೈ ರಾಟೆ ತಿರುಗಿಸಬೇಕು, ಎಡಗೈ ನೂಲು ಹಿಡಿಯಬೇಕು. ಪುಸ್ತಕಕ್ಕೆ ಕೈಯೇ ಉಳಿಯದು. ಬೆಳಗ್ಗೆ ಅಡುಗೆಯ ನಡುವೆ ಒಂದು ಪಾಠ ಓದಿಕೊಂಡು, ಆಮೇಲೆ ರಾಟೆಯ ಮುಂದೆ ಕೂತು ಅಜ್ಜಿಗೆ ಹೇಳುತ್ತಿದ್ದೆ. ಇಂಗ್ಲಿಷನ್ನು ಕನ್ನಡಕ್ಕೆ ತರಬೇಕು, ಅದೂ ಅಜ್ಜಿಯ ಕನ್ನಡಕ್ಕೆ. ಮೇಷ್ಟ್ರ ಮುಂದೆ ತಲೆಯಾಡಿಸಿದಂತೆ ಇವರ ಮುಂದೆ ನಡೆಯದು. ನನಗೇ ಅರ್ಥವಾಗದ್ದು ಬಾಯಿಂದ ಹೊರಡುತ್ತಲೇ ಇರಲಿಲ್ಲ, ಮತ್ತೆ ಹೋಗಿ ಓದಿಕೊಂಡು ಬರುತ್ತಿದ್ದೆ. ಕರೆಂಟು ಹೋಗಿ ಊರ ಮಿಲ್ಲುಗಳೆಲ್ಲ ಸದ್ದಡಗಿದ ಹೊತ್ತಿನಲ್ಲೂ ಆ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು, ಪಾಠವೂ ನಡೆಯುತ್ತಿತ್ತು.

ಒಂದು ದಿನ ಸವಕಳಿಯ ಪಾಠ ಬಂತು. ಯಂತ್ರ ಹಳತಾದಂತೆ ವರ್ಷವರ್ಷ ಅದರ ಬೆಲೆಯನ್ನು ಲೆಕ್ಕದಲ್ಲಿ ಇಳಿಸುತ್ತಾ ಹೋಗುವುದು. ಉದಾಹರಣೆ ಕಣ್ಣೆದುರಿಗೇ ಇತ್ತಲ್ಲ, ಹುಮ್ಮಸ್ಸಿನಲ್ಲಿ ಕೇಳಿದೆ: "ಅಜ್ಜಿ, ಈ ಮಗ್ಗ ಯಾವ ಕಾಲದ್ದು?"

"ನಮ್ ಮಾವ ಮಾಡ್ಸಿದ್ದು."

"ಹಾಗಾದರೆ ಲೆಕ್ಕದಲ್ಲಿ ಇದರ ಬೆಲೆ ಇವತ್ತಿಗೆ ಸೊನ್ನೆ."

ಮಗ್ಗ ನಿಂತಿತು. "ಈ ಮಗ್ಗ ಮೂರು ಮದ್ವೆ ಮಾಡ್ಯದೆ. ಸೊನ್ನೆಯಾ? ಎದ್ದು ಹೋಗ್ ನೀನು, ನಿನ್ ಬುಕ್ಕೂ ಎತ್ಕೊಂಡು ಹೋಗ್." ಮಾರನೆಯ ದಿನ ನೂಲಿನ ಬುಟ್ಟಿಯನ್ನು ನನ್ನ ಮುಂದೆ ಕುಕ್ಕಿದರು. ಕಾವ್ಯಾಳಿಗೆ ಕಾಫಿ ಸಿಕ್ಕಿತು, ನನಗಿಲ್ಲ. ಅದರ ಮಾರನೆಯ ದಿನ ತಾವಾಗಿಯೇ ಕೇಳಿದರು: "ಸರಿ, ನನ್ ಬೆಲೆ ಎಷ್ಟು ಅಂತದೆ ನಿನ್ ಬುಕ್ಕು?"

"ಮನುಷ್ಯರಿಗೆ ಸವಕಳಿ ಇಲ್ಲ, ಅಜ್ಜಿ. ಅವರನ್ನು ಆ ಲೆಕ್ಕಕ್ಕೆ ತರುವುದಿಲ್ಲ."

"ಅಪ್ಪಾಡ!" ಎಂದು ನಿಟ್ಟುಸಿರು ಬಿಟ್ಟು ಅಜ್ಜಿ ನೇಯತೊಡಗಿದರು. ಅವತ್ತು ಕಾಫಿಯೂ ಸಿಕ್ಕಿತು.

ಲೆಕ್ಕಶಾಸ್ತ್ರದ ಆ ಹಳೆಯ ಬಾಕಿ ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ ವಿಜಯದಶಮಿಯ ಮರುದಿನಕ್ಕೆ ಬಂದು ನಿಂತಿತು. ಈ ಸಲವೂ ಹೋದರೆ ಮತ್ತೆ ಫೀಸು ಕಟ್ಟುವ ಶಕ್ತಿ ನಮಗಿರಲಿಲ್ಲ. ಕೊನೆಯ ಎರಡು ದಿನ ಬಿಡದೆ ಓದುವುದೆಂದು ಲೆಕ್ಕ ಹಾಕಿಕೊಂಡಿದ್ದೆ. ಆಯುಧಪೂಜೆಯ ಬೆಳಗ್ಗೆ ಒಳ್ಳೆಯ ನೀರು ಬಿಟ್ಟರು. ಕೊಡಗಳನ್ನು ತಗೊಂಡು ಓಡಿದೆ. ತುಂಬಿಕೊಂಡು ಬರುವಷ್ಟರಲ್ಲಿ ನನ್ನ ಪುಸ್ತಕಗಳೆಲ್ಲ ಮಗ್ಗದ ಮೇಲಿದ್ದವು. ಹಾಸಿನ ನೂಲಿನಲ್ಲಿ ಕಟ್ಟಿ, ಅರಿಶಿನ ಕುಂಕುಮ ಇಟ್ಟು, ಲಾಳಿಯ ಪಕ್ಕ ಜೋಡಿಸಿ, ಮುಂದೆ ಪೊರಿ ಅಂದರೆ ಮಂಡಕ್ಕಿಯ ರಾಶಿ ಸುರಿದಿದ್ದರು ಅಜ್ಜಿ. ನಾಳೆ ಸಂಜೆ ಮರುಪೂಜೆ ಆಗುವ ತನಕ ಮುಟ್ಟುವಂತಿಲ್ಲ. ನಮ್ಮೂರಲ್ಲೂ ಪುಸ್ತಕ ಪೂಜೆಗೆ ಇಡುತ್ತೇವೆ, ಆದರೆ ಪರೀಕ್ಷೆ ಹತ್ತಿರವಿದ್ದರೆ ನಮ್ಮಮ್ಮ ಬೇಕಾದ ಪುಸ್ತಕವನ್ನು ಮೆಲ್ಲಗೆ ಹೊರಗೇ ಉಳಿಸುತ್ತಿದ್ದಳು. ಇವರು ನೋಟ್ಸಿನ ಬಿಡಿ ಹಾಳೆಯನ್ನೂ ಬಿಟ್ಟಿರಲಿಲ್ಲ.

"ನಿನ್ಗೆ ಇದು ತಾನೆ ಆಯುಧಂ?" ಎಂದು ಅವರು ಖುಷಿಯಿಂದ ಕೇಳಿದರು. ನಾನು ಕೊಡ ಇಳಿಸಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ನಾಡಿದ್ದು ಪರೀಕ್ಷೆ, ಅದೇ ಪುಸ್ತಕ ಬೇಕು ಎಂದೆ. ಅಜ್ಜಿಯ ಮುಖ ಸಣ್ಣದಾಯಿತು. ಮಗ್ಗದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಕಟ್ಟಿದ ನೂಲನ್ನು ಬಿಚ್ಚಲು ಅವರಿಗೂ ಧೈರ್ಯವಿರಲಿಲ್ಲ, ನನಗೂ.

ಆಮೇಲೆ ಅವರು ಗೋಡೆಗೆ ಒರಗಿ ಕೂತು ಸೆರಗು ಹೊದ್ದರು. ನಾನು ಕಂಡಂತೆ ಆ ಕೈಗಳಿಗೆ ಹಗಲು ಹೊತ್ತಿನಲ್ಲಿ ಕೆಲಸವಿಲ್ಲದ್ದು ಅವತ್ತೇ. "ಬುಕ್ಕು ಸಾಮಿ ಹತ್ರ ಇರ್ಲಿ. ನಂಗೆ ಹೇಳಿದ್ದ ತಿರುಗಾ ಹೇಳು. ಆ ಬ್ಯಾಂಕಿನೋನ ಪುಸ್ತಕವೂ ನಮ್ ಪುಸ್ತಕವೂ ಜಗಳ ಆಡ್ತಾವಲ್ಲ, ಆ ಕಥೆ."

ಹೇಳಿದೆ. ಅದು ಮುಗಿದರೆ ಇನ್ನೊಂದು. "ಪಾಲುಗಾರ ಸತ್ತೋದ್ನಲ್ಲ, ಅವನ್ ಹೆಂಡ್ತಿಗೆ ಪಾಲು ಕುಟ್ರಾ ಇಲ್ವಾ?" ಹೇಳಿದೆ. ಪೊರಿ ಮುಕ್ಕುತ್ತಾ ಅಜ್ಜಿ ಕೇಳಿದರು, ಪೊರಿ ಮುಕ್ಕುತ್ತಾ ನಾನು ಹೇಳಿದೆ. ಮರುದಿನವೂ ಅದೇ. ಯಾವ ಪಾಠವೂ ಎಲ್ಲೂ ಅಡ್ಡ ನಿಲ್ಲಲಿಲ್ಲ. ಇಷ್ಟೆಲ್ಲ ನನಗೆ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಸಂಜೆ ಮರುಪೂಜೆ ಮುಗಿದು ಪುಸ್ತಕ ಕೈಗೆ ಬಂದಾಗ, ನೂಲು ಬಿಚ್ಚದೆ ಹಾಗೆಯೇ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ.

ಪರೀಕ್ಷೆಯಲ್ಲಿ ಸತ್ತ ಪಾಲುದಾರನ ಲೆಕ್ಕವೇ ಬಂದಿತ್ತು. ಅವನ ಹೆಂಡತಿಗೆ ಒಂದು ಕಾಸೂ ಬಿಡದಂತೆ ಪಾಲು ಕೊಡಿಸಿ ಬಂದೆ. ಪಾಸಾದೆ, ಮುಂದೆ ಉಳಿದದ್ದನ್ನೂ ಮುಗಿಸಿದೆ. ಮಿಲ್ಲಿನ ಮ್ಯಾನೇಜರಿಗೆ ಅವರು ಅಂದ ಮಾತು ನೆನಪಿರಲಿಲ್ಲ, ಆದರೂ ಕೆಲಸ ಕೊಟ್ಟರು. ಅವರಿಗೂ ನಾನು ಋಣಿ.

ಈಗ ದಾವಣಗೆರೆಗೆ ಹೋದರೆ ತಂಗಿ, "ಏನಕ್ಕಾ, ನಿನ್ ಮಾತು ತಮಿಳಿನ ರಾಗ ಹಿಡಿದೈತಲ್ಲ" ಎಂದು ನಗುತ್ತಾಳೆ. ಅನ್ನೂರಿನ ಬಸ್ಸಿನಲ್ಲಿ ನಾನು ಬಾಯಿ ತೆರೆದರೆ, ಕರ್ನಾಟಕವಾ ಎಂದು ಕೇಳುತ್ತಾರೆ. ಕಾವ್ಯಾ ಜಗಳವಾಡುವುದು ತಮಿಳಿನಲ್ಲಿ, ರಾಜಿಯಾಗುವುದು ಕನ್ನಡದಲ್ಲಿ. ಪದವಿ ಪತ್ರ ಬಂದಾಗ ನಮ್ಮಮ್ಮ ಅದಕ್ಕೆ ಕಟ್ಟು ಹಾಕಿಸಿ ತವರಿನ ಗೋಡೆಗೆ ತೂಗುಹಾಕಬೇಕೆಂದು ಹಟ ಹಿಡಿದಳು. ಊರಿಗೆ ಹೊರಡುವ ಮೊದಲು ಅಜ್ಜಿಗೆ ತೋರಿಸಲು ತಗೊಂಡು ಹೋದೆ. ಅವರಿಗೆ ಇಂಗ್ಲಿಷ್ ಬಾರದು, ನನ್ನ ಹೆಸರು ಎಲ್ಲಿದೆ ಎಂದು ಕೇಳಿ ಅದರ ಮೇಲೆ ಬೆರಳಾಡಿಸಿದರು. ಎಲ್ಲಿಡಲಿ ಅಜ್ಜಿ ಎಂದೆ.

"ಮಗ್ಗ ಸೊನ್ನೆ ಅಂದ್ಯಲ್ಲ, ಅಮ್ಮಿಣಿ. ಆ ಸೊನ್ನೆ ಮೇಲೇ ಇಡು."

ಇಟ್ಟೆ. ತವರಿನ ಗೋಡೆಯ ಮೇಲಿರುವುದು ಜೆರಾಕ್ಸ್ ಪ್ರತಿ. ಅಮ್ಮನಿಗೆ ಇನ್ನೂ ಹೇಳಿಲ್ಲ.