ಖಾಲಿ ಎಲೆ ಮುಂದೆ ಕೂತ ತಂಗಿ

ನನ್ನ ಕಾದಂಬರಿಯ ಎರಡನೇ ಭಾಗದ ಮೊದಲ ಅಧ್ಯಾಯದಲ್ಲೇ ನಾನು ಸತ್ತ ಹುಡುಗಿಯೊಬ್ಬಳನ್ನು ಉಪವಾಸ ಕೂರಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ದಡ್ಡತನ ಸಣ್ಣದಾಗಿರುತ್ತಿತ್ತು. ನಾನು ಅದನ್ನು ಅವ್ವನ ಮುಂದೆ ಕೂತು, ದನಿ ಏರಿಸಿ ಇಳಿಸಿ, ಎರಡು ಕಡೆ ಗಂಟಲು ಬೇರೆ ಕಟ್ಟಿಸಿಕೊಂಡು ಓದಿದೆ.

ಮೊಬೈಲಿನಲ್ಲಿ ಕತೆ ಹಾಕುವ ಆ್ಯಪ್ ಒಂದಿದೆ. ಅದರಲ್ಲಿ ನಾನು ಹರೆಯದವರಿಗೆಂದು ಮಾಯಾಲೋಕದ ಕಾದಂಬರಿಯೊಂದನ್ನು ಬರೆದಿದ್ದೆ. ಅಕ್ಕ ತಂಗಿಯರ ಕತೆ. ಅಕ್ಕ ಯಾವುದನ್ನು ಮುಟ್ಟಿದರೂ ಅದರಿಂದ ನೂಲು ಎಳೆಯಬಲ್ಲಳು, ಬಂಡೆಯಿಂದ ಕೂಡ. ತಂಗಿಗೆ ಬಂಡೆಗಳು ಮಾತಾಡುವುದು ಕೇಳಿಸುತ್ತದೆ. ಮೊದಲ ಭಾಗವನ್ನು ಹೇಗೆ ಮುಗಿಸುವುದೆಂದು ತಿಳಿಯದೆ, ತಂಗಿಯನ್ನು ಪಕ್ಕದ ರಾಜ್ಯಕ್ಕೆ ಮದುವೆ ಮಾಡಿಕೊಟ್ಟು, ಆ ಅರಮನೆಗೆ ಬೆಂಕಿ ಬೀಳಿಸಿ, ಒಂದೇ ಪ್ಯಾರಾದಲ್ಲಿ ಅವಳನ್ನೂ ಗಂಡ, ಅತ್ತೆ, ಮಾವ, ಕುದುರೆ ಸಮೇತ ಇಡೀ ವಂಶವನ್ನೂ ಮುಗಿಸಿದ್ದೆ. ಹನ್ನೊಂದು ಜನ ಓದಿದ್ದರು. ಅದರಲ್ಲಿ ಮೂರು ಅಕೌಂಟು ನನ್ನವೇ.

ನಿಜವಾದ ಅಭಿಮಾನಿಗಳು ಇಬ್ಬರೇ, ಅವರೂ ಓದಿದವರಲ್ಲ, ಕೇಳಿದವರು. ಒಬ್ಬಳು ಅವ್ವ, ಇನ್ನೊಬ್ಬಳು ಅವ್ವನ ತಂಗಿ. ಚಿಕ್ಕವ್ವನಿಗೆ ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕೋಡಿಹಳ್ಳಿ ಕಡೆ ಇದ್ದ ತನ್ನ ಮನೆಗೆ ಬೀಗ ಹಾಕಿ, ಕನಕಪುರದ ಹತ್ತಿರದ ನಮ್ಮೂರಿಗೆ ಬಂದು ನಮ್ಮ ಜೊತೆಯೇ ಇದ್ದಳು. ಅಕ್ಕ ತಂಗಿ ಇಬ್ಬರೂ ರೇಷ್ಮೆ ಹುಳದ ಮನೆಯಲ್ಲಿ ಹುಳಗಳಿಗೆ ಸೊಪ್ಪು ಹಾಕುವಾಗ ನಾನು ಬಾಗಿಲಲ್ಲಿ ಕೂತು ಓದುತ್ತಿದ್ದೆ. ಒಳಗೆ ಹುಳ ಸೊಪ್ಪು ಮೇಯುವ ಸದ್ದನ್ನು ಚಪ್ಪಾಳೆ ಎಂದುಕೊಳ್ಳುತ್ತಿದ್ದೆ.

ಮೊದಲ ಭಾಗ ಮುಗಿದ ದಿನ ಚಿಕ್ಕವ್ವ ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ ಹೊರಗೆ ಬಂದಳು.

"ಯಾಕ್ಲಾ ಸಾಯಿಸ್ದೆ ಅವ್ಳ? ನಿನಗೇನ್ ಮಾಡಿದ್ಲು?"

"ಕತೆಗೆ ಬೇಕಾಗಿತ್ತು ಚಿಕ್ಕವ್ವ."

"ಕತೆಗೇನ್ ಬೇಕಾಗಿರ್ನಿಲ್ಲ. ನಿನಗೆ ಮುಗಿಸಾಕ್ ಬರ್ನಿಲ್ಲ. ಎರಡ್ನೇದು ಬರಿ, ಸತ್ತ ಮ್ಯಾಲೆ ಅವ್ಳೇನಾದ್ಲು ಹೇಳು."

ಆ ಬೇಸಿಗೆಯಲ್ಲಿ ಚಿಕ್ಕವ್ವನೇ ಹೋಗಿಬಿಟ್ಟಳು. ಎದೆ ಹಿಡಿದಂಗಾಯ್ತದೆ ಎಂದು ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಹುಳದ ಮನೆಯಲ್ಲಿ ಅವ್ವ ಒಬ್ಬಳೇ ಆದಳು. ಕೆಲವು ತಿಂಗಳು ನಾನು ಆ ಕಡೆ ಮೊಬೈಲು ಹಿಡಿದು ಹೋಗಲಿಲ್ಲ. ಒಂದು ದಿನ ಅವಳೇ ಕೇಳಿದಳು, "ಎರಡ್ನೇದು ಎಲ್ಲಿಗ್ ಬಂತ್ಲಾ? ಅವ್ಳು ಕೇಳಿದ್ಲಲ್ಲ."

ಹಾಗಾಗಿ ಬರೆಯಲು ಕೂತೆ. ನನ್ನ ಪರಲೋಕ ಬೇರೆಯವರ ಪರಲೋಕದಂತಿರಬಾರದು, ನಮ್ಮ ಸೀಮೆಯದ್ದೇ ಆಗಿರಬೇಕು ಎಂದು ಹಟ ಹಿಡಿದೆ. ನಮ್ಮಲ್ಲಿ ಮಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಅವರು ಬಂದು ಉಣ್ಣಲಿ ಎಂದು ಒಸಿ ಹೊತ್ತು ಬಾಗಿಲು ಮುಚ್ಚುತ್ತಾರೆ. ಮದುವೆಯಾಗಿ ಹೋದ ಹೆಣ್ಣಿಗೆ ಎಡೆ ಗಂಡನ ಮನೆಯಲ್ಲೇ. ಇದನ್ನೇ ಕತೆಗೆ ತಂದೆ. ಪರಲೋಕದಲ್ಲಿ ಎಲ್ಲರೂ ಸಾಲಾಗಿ ಬಾಳೆಲೆ ಮುಂದೆ ಕೂತಿದ್ದಾರೆ. ಇಲ್ಲಿ ಇಟ್ಟ ಎಡೆ ಅಲ್ಲಿ ಎಲೆಗೆ ಬಂದು ಬೀಳುತ್ತದೆ. ತಂಗಿಯ ಎಲೆ ಮಾತ್ರ ಖಾಲಿ, ಅವಳ ಗಂಡನ ವಂಶವನ್ನು ನಾನೇ ಸುಟ್ಟಿದ್ದೆನಲ್ಲ. ಎಂಥಾ ಲಾಜಿಕ್ಕು ಎಂದು ನನಗೆ ನಾನೇ ಶಭಾಷ್ ಹೇಳಿಕೊಂಡೆ.

ಓದಿ ಮುಗಿಸಿದಾಗ ಅವ್ವ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು.

"ಯಾರೂ ಇಕ್ಕಲ್ವಾ ಅವ್ಳಿಗೆ?"

"ಇಕ್ಕಾಕೆ ಯಾರವ್ರೆ? ಎಲ್ಲಾ ಸತ್ತೋದ್ರಲ್ಲ" ಎಂದೆ, ಬಲು ಹೆಮ್ಮೆಯಿಂದ.

ಆಮೇಲೆ ಅವಳ ಮುಖ ನೋಡಿದೆ. ಚಿಕ್ಕವ್ವನ ಗಂಡನಿಗೆ ಅಣ್ಣ ತಮ್ಮಂದಿರಿಲ್ಲ. ಬೀಗ ಹಾಕಿದ ಆ ಮನೆಯಲ್ಲಿ ಎಡೆ ಇಡಲು ಯಾರೂ ಇಲ್ಲ. ನಮ್ಮನೆ ಕೋಳಿಗೂ ಹೊಳೆಯುವಂಥ ಸಂಗತಿ, ಅಧ್ಯಾಯಗಟ್ಟಲೆ ಬರೆದ ನನಗೆ ಹೊಳೆದಿರಲಿಲ್ಲ.

ಅವ್ವ ಅಳಲಿಲ್ಲ. ಬುಟ್ಟಿ ಎತ್ತಿಕೊಂಡು, "ಈ ಸಲ ಅವ್ಳಿಗೆ ನಾನು ಎಡೆ ಇಕ್ತೀನಿ" ಎಂದಳು.

ನಮ್ಮ ಮನೆಯ ಎಡೆಗೆ ಯಜಮಾನ ದೊಡ್ಡಪ್ಪ. ಅವನು ಡೈರಿಗೆ ಹಾಲು ಹಾಕಿ ಬಂದು ಕ್ಯಾನು ತೊಳೆಯುತ್ತಿದ್ದ. ಆ ಸ್ಟೀಲ್ ಕ್ಯಾನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಅವ್ವ ವಿಷಯ ಹೇಳಿದಾಗ ಕ್ಯಾನಿನಿಂದ ತಲೆ ಎತ್ತದೆ ಮಾತಾಡಿದ.

"ಹೆಂಗಾಯ್ತದಮ್ಮ? ಅವ್ಳು ಈ ಮನೆ ಹೆಣ್ಮಗಳೂ ಅಲ್ಲ, ಸೊಸೆನೂ ಅಲ್ಲ. ನಮ್ ಹಿರೀಕರ ಜೊತೇಲಿ ಹೆಂಗ್ ಕೂರ್ಸೋದು?"

"ಈ ಮನೆ ಹುಳಕ್ಕೆ ಸೊಪ್ಪಾಕವ್ಳೆ ಭಾವ. ನಿಮ್ ಹಿರೀಕರು ಎಷ್ಟ್ ಜನ ಹಾಕವ್ರೆ?"

"ಅದು ಬ್ಯಾರೆ ಮಾತು. ಇಕ್ಕಿದ್ರೂ ಅವ್ಳು ಇಲ್ಲಿಗ್ ಬರಾಕಾಗಕಿಲ್ಲ. ಕೊಟ್ಟ ಹೆಣ್ಣು ಸತ್ತ ಮ್ಯಾಲೆ ಗಂಡನ್ ಮನೆ ಬಾಗ್ಲಿಗೇ ಬರೋದು."

ಅವ್ವ ವಾದ ಬೆಳೆಸಲಿಲ್ಲ. ನನ್ನ ಹತ್ತಿರ ಬಂದು, "ನಿನ್ ಕತೇಲಿ ಆ ಅಕ್ಕ ಈಗೇನ್ ಮಾಡ್ತಾಳೆ?" ಎಂದು ಕೇಳಿದಳು. ನನ್ನ ಬಳಿ ಭಾರೀ ಪ್ಲಾನಿತ್ತು. ಅಕ್ಕ ನೂಲಿನ ಕತ್ತಿ ಹಿಡಿದು ಪರಲೋಕಕ್ಕೆ ನುಗ್ಗುತ್ತಾಳೆ, ಅಲ್ಲಿ ಎರಡು ತಲೆಯ ಕೋಣ ಕಾವಲಿರುತ್ತದೆ. ಕೋಣದ ಎರಡು ತಲೆಯನ್ನೂ ನಾನೇ ಅಭಿನಯಿಸಿ ತೋರಿಸಿದೆ. ಕೊಟ್ಟಿಗೆಯಲ್ಲಿದ್ದ ಎಮ್ಮೆ ಮುಖ ಆ ಕಡೆ ತಿರುಗಿಸಿಕೊಂಡಿತು.

"ಹಸ್ಕೊಂಡಿರೋಳ ತಾವ್ಕೆ ಕತ್ತಿ ಯಾಕ್ಲಾ ತಕೊಂಡೋಯ್ತಾಳೆ? ಉಣ್ಣಾಕ್ ತಕೊಂಡೋಗ್ಲಿ."

"ಎಲ್ಲಿಗೆ?"

"ಅವ್ಳು ಎಲ್ಲಿಗ್ ಬತ್ತಾಳೋ ಅಲ್ಲಿಗೆ. ನಿಮ್ ದೊಡ್ಡಪ್ಪನೇ ಹೇಳ್ನಲ್ಲ, ಗಂಡನ್ ಮನೆ ಬಾಗ್ಲಿಗೆ ಅಂತ. ಅಮಾಸೆ ದಿನ ಗಾಡಿ ತೆಗಿ."

ಎರಡು ತಲೆಯ ಕೋಣ ಅಲ್ಲೇ ಕೆಲಸ ಕಳೆದುಕೊಂಡಿತು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದಾಗಲೆಲ್ಲ ಚಿಕ್ಕವ್ವ ಅಲ್ಲಿನ ತಳ್ಳುಗಾಡಿಯ ಮೆಣಸಿನಕಾಯಿ ಬಜ್ಜಿ ತಿನ್ನದೆ ಬಂದವಳಲ್ಲ. ಹಾಗಾಗಿ ಅಮಾವಾಸ್ಯೆ ಬೆಳಿಗ್ಗೆ ಬಜ್ಜಿ ತರುವ ಕೆಲಸ ನನಗೆ ಬಿತ್ತು. ತಂದೆ. ದಾರಿಯಲ್ಲಿ, ಬಿಸಿ ಇದೆಯೋ ಇಲ್ಲವೋ ಎಂಬ ಬರೀ ವೈಜ್ಞಾನಿಕ ಕುತೂಹಲದಿಂದ, ಒಂದನ್ನು ತಿಂದೆ.

ಅವ್ವ ಪೊಟ್ಟಣ ಬಿಚ್ಚಲೇ ಇಲ್ಲ. ನನ್ನ ಮೀಸೆ ನೋಡಿದಳು.

"ಬಾಯ್ ತೆಗಿ."

ತೆಗೆದೆ.

"ಎಡೆಗಿಕ್ಕೋದ್ನ ಮೊದ್ಲೇ ಎಂಜ್ಲು ಮಾಡ್ಕೊಂಡ್ ಬಂದವ್ನೆ. ಹೋಗು, ಬ್ಯಾರೆ ತಕೊಂಬಾ."

ಮತ್ತೆ ರಾಮನಗರ. ಬಜ್ಜಿಯವನು ನನ್ನನ್ನು ನೋಡಿ, "ಅಷ್ಟ್ ಚೆನ್ನಾಗಿತ್ತಾ ಅಣ್ಣ?" ಎಂದ. ಹೌದೆಂದೆ. ಅದೊಂದೇ ನಾನು ಆ ದಿನ ಸರಿಯಾಗಿ ಹೇಳಿದ ಮಾತು.

ಹೊರಡುವಾಗ ಅವ್ವ ಎಡೆಗೆ ಮಾಡಿದ ಮಾಂಸದ ಸಾರಿಗೆಂದು ದೊಡ್ಡಪ್ಪನ ಕ್ಯಾನು ಕೇಳಿದಳು.

"ಹಾಲಿನ್ ಕ್ಯಾನಿಗೆ ಬಾಡಿನ್ ಸಾರಾ?" ಎಂದು ಅವನು ಕ್ಯಾನನ್ನು ಇನ್ನೊಂದು ಪಕ್ಕಕ್ಕೆ ಇಟ್ಟುಕೊಂಡ. ಅವ್ವ ಪಾತ್ರೆಯೊಂದಕ್ಕೆ ಸಾರು ಸುರಿದು, ತಟ್ಟೆ ಮುಚ್ಚಿ, ಬಟ್ಟೆ ಕಟ್ಟಿ, ನನ್ನ ಹಿಂದೆ ಗಾಡಿ ಹತ್ತಿದಳು. ಪಾತ್ರೆ ನಮ್ಮಿಬ್ಬರ ನಡುವೆ. ಕೋಡಿಹಳ್ಳಿ ರಸ್ತೆಯ ಒಂದೊಂದು ಉಬ್ಬಿಗೂ ಒಂದೊಂದು ಸೌಟಿನಂತೆ ಸಾರು ನನ್ನ ಬೆನ್ನಿಗೆ ಬಡಿಸಿಕೊಂಡಿತು. ಊರೂರಿನ ನಾಯಿಗಳು ಗಾಡಿಯ ಹಿಂದೆ ಓಡಿ ಬಂದವು. ನನ್ನ ಬರವಣಿಗೆಗೆ ಅಷ್ಟು ಜನ ಹಿಂಬಾಲಕರು ಇವತ್ತಿಗೂ ಸಿಕ್ಕಿಲ್ಲ.

ಚಿಕ್ಕವ್ವನ ಮನೆಯ ಬೀಗ ತುಕ್ಕು ಹಿಡಿದಿತ್ತು. ಅವ್ವ ತಂದ ಕೀಲಿ ತಿರುಗಲಿಲ್ಲ. ನಾನು ಹೀರೋ ಥರ ಕಲ್ಲೊಂದನ್ನು ಎತ್ತಿಕೊಂಡು ಬಂದೆ.

"ಕಲ್ ಕೆಳೀಕ್ ಮಡುಗ್ಲಾ. ಬಾಗ್ಲಿಗ್ ಬತ್ತಾರೆ ಅಂದವ್ರೆ, ಒಳೀಕ್ ಬತ್ತಾರೆ ಅಂದಿಲ್ಲ."

ಜಗಲಿ ಗುಡಿಸಿ, ನೀರು ಹಾಕಿ ತೊಳೆದು, ಬಾಗಿಲ ಮುಂದೆ ಎಲೆ ಹಾಸಿದಳು. ಮುದ್ದೆ, ಅನ್ನ, ಉಳಿದ ಸಾರು, ಬಜ್ಜಿ, ಪಕ್ಕದಲ್ಲಿ ಹಸಿರು ಸೀರೆ, ಧೂಪಕ್ಕೆ ಒಂದು ಚಿಪ್ಪಿನಲ್ಲಿ ಕೆಂಡ. ಎದುರು ಮನೆಯ ಮುದುಕಿ ಬಂದು ನಿಂತು ನೋಡುತ್ತಿದ್ದಳು.

"ಈ ಮನೆ ಗಂಡಸ್ರು ಯಾರೂ ಇಲ್ವಲ್ಲವ್ವ. ಧೂಪ ಯಾರ್ ಹಾಕೋರು?"

"ನಾನೇ ಹಾಕ್ತೀನಿ ಕಣಕ್ಕ. ನಾನೇ ಹೊತ್ಸಿರೋ ಕೆಂಡ."

ಮುದುಕಿ ಒಳಗೆ ಹೋದಳು. ಬೈಯಲು ಜನ ಕರೆತರುತ್ತಾಳೆ ಎಂದು ನಾನು ಗಾಡಿಯ ಕೀಲಿ ಹುಡುಕತೊಡಗಿದೆ. ಅವಳು ಒಂದು ಚೊಂಬು ನೀರು ತಂದು ಎಲೆಯ ಪಕ್ಕ ಇಟ್ಟು ಹೋದಳು.

ಮುಚ್ಚಲು ಬೇರೆ ಬಾಗಿಲಿರಲಿಲ್ಲ. ಅದಕ್ಕೆ ನಾವಿಬ್ಬರೂ ಎಡೆಗೆ ಬೆನ್ನು ಹಾಕಿ ಬೀದಿಯ ಕಡೆ ಮುಖ ಮಾಡಿ ಕೂತೆವು. ಪರಲೋಕದ ಬಗ್ಗೆ ಒಂದಿಡೀ ಅಧ್ಯಾಯ ಬರೆದವನು ನಾನು, ಒಂದು ಸಲ ಹಿಂದೆ ನೋಡುವ ಹಕ್ಕು ನನಗಿದೆ ಅನ್ನಿಸಿತು. ಅವ್ವ ನನ್ನ ಕತ್ತು ಹಿಡಿದಳು.

"ತಿರುಗ್ಬ್ಯಾಡ. ಯಾರಾರ ನೋಡ್ತಿದ್ರೆ ಅವ್ಳು ಸರಿಯಾಗ್ ಉಣ್ಣಾಕಿಲ್ಲ."

ಅದು ನಿಜ. ಚಿಕ್ಕವ್ವ ಯಾವಾಗಲೂ ಎಲ್ಲರ ಊಟ ಆದ ಮೇಲೆ, ಒಲೆಯ ಕಡೆ ತಿರುಗಿ ಕೂತು ಉಣ್ಣುತ್ತಿದ್ದಳು. ನಾನು ಬೀದಿಯನ್ನೇ ನೋಡುತ್ತ ಕೂತೆ. ಬೆನ್ನಿನ ಸಾರು ಬಿಸಿಲಿಗೆ ಒಣಗುತ್ತಿತ್ತು, ಇರುವೆಗಳು ಹತ್ತುತ್ತಿದ್ದವು. ಆದರೂ ಅಲುಗಾಡಲಿಲ್ಲ. ಬಹಳ ಹೊತ್ತಿನ ಮೇಲೆ ಅವ್ವ ಒಂದು ಸಲ ಕೆಮ್ಮಿ, ತಿರುಗಿ, ಎಲೆಯಿಂದ ಒಂದು ಬಜ್ಜಿ ತೆಗೆದು ನನ್ನ ಕೈಗಿಟ್ಟಳು.

"ಈಗ ತಿನ್ನು."

ಆ ವಾರವೇ ಅಧ್ಯಾಯವನ್ನು ತಿದ್ದಿ ಬರೆದೆ. ಕತ್ತಿ ಹೋಯಿತು. ಅಕ್ಕ ಸುಟ್ಟ ಅರಮನೆಯ ಹೊಸ್ತಿಲಿಗೆ ಸಾರಿನ ಮಡಕೆ ಹೊತ್ತು ಹೋಗುತ್ತಾಳೆ, ದಾರಿಯಲ್ಲಿ ಅರ್ಧ ಚೆಲ್ಲುತ್ತದೆ, ಉಳಿದರ್ಧ ಖಾಲಿ ಎಲೆಗೆ ಹೋಗಿ ಬೀಳುತ್ತದೆ. ಹುಳದ ಮನೆಯ ಬಾಗಿಲಲ್ಲಿ ಕೂತು ಓದಿದೆ. ಅವ್ವ ಸೊಪ್ಪು ಹಾಕುತ್ತಲೇ ಕೇಳಿದಳು. ಹೊರಗೆ ದೊಡ್ಡಪ್ಪ ಕ್ಯಾನು ತೊಳೆಯುತ್ತಿದ್ದ. ನನ್ನ ಕತೆಯ ಒಂದು ಸಾಲನ್ನೂ ಅವನು ಅಲ್ಲಿಯವರೆಗೆ ಕೇಳಿದವನಲ್ಲ. ಓದು ಮುಗಿದಾಗ ನೀರಿನ ಸದ್ದು ಯಾವಾಗಲೋ ನಿಂತಿತ್ತು.

"ಲೇ, ಆ ಹುಡ್ಗಿ ಕೈಗೆ ಮಡಕೆ ಯಾಕ್ಲಾ ಕೊಟ್ಟೆ? ಚೆಲ್ದೆ ಇನ್ನೇನಾಯ್ತದೆ" ಎಂದ. ಆಮೇಲೆ ಕ್ಯಾನನ್ನು ಜಗಲಿಯ ಮೇಲೆ ಬೋರಲು ಹಾಕಿ, ಒಳಗಿದ್ದ ಅವ್ವನಿಗೂ ಕೇಳುವಂತೆ ಹೇಳಿದ, "ಮುಂದಿನ್ ವರ್ಸ ಇದ್ನ ತಕೊಂಡೋಗಿ. ಮುಚ್ಚಳ ಬಿಗಿಯಾಗೈತೆ."