ಹೊಸ ರುದ್ರಭೂಮಿಗೆ ಮೊದಲು ಹೋದವಳು

ಕುಣಿ ತೆಗೆಯುತ್ತಿದ್ದವರ ಗುದ್ದಲಿಗೆ ಅಂದು ಮತ್ತೆ ಹಳೆಯ ಎಲುಬು ತಾಗಿತು.

ಶವವನ್ನು ಬಿದಿರಿನಿಂದ ಕಟ್ಟಿದ ವಿಮಾನದಲ್ಲಿ ಕೂರಿಸಿ ಹೊತ್ತು ತಂದ ಜನ ಬಿಸಿಲಿನಲ್ಲಿ ನಿಂತಿದ್ದರು. ಅತ್ತ ಹಳ್ಳ, ಇತ್ತ ರಸ್ತೆ. ನಡುವಿನ ಆ ತುಂಡು ಭೂಮಿಯಲ್ಲಿ ಇನ್ನೊಬ್ಬರನ್ನು ಕೂರಿಸುವಷ್ಟು ಮಣ್ಣು ಉಳಿದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ಇಳಕಲ್ಲಿಗೂ ಗುಡೂರಿಗೂ ನಡುವಿನ ನಮ್ಮ ಊರಿನಲ್ಲಿ ಹೊಲವುಳ್ಳವರು ತಮ್ಮವರನ್ನು ತಮ್ಮ ಹೊಲದಲ್ಲಿಯೇ ಸಮಾಧಿ ಮಾಡುತ್ತಿದ್ದರು. ಹೊಲವಿಲ್ಲದ ನಮ್ಮಂಥವರಿಗೆ ಇದ್ದುದು ಅದೊಂದೇ ರುದ್ರಭೂಮಿ.

ಮಠದಲ್ಲಿ ಪುರಾಣ ಹೇಳುವವನೆಂಬ ಕಾರಣಕ್ಕೆ ಊರವರು ಹೊಸ ಜಾಗ ಕೇಳುವ ಕಮಿಟಿಗೆ ನನ್ನನ್ನೇ ಹಿರಿಯನನ್ನಾಗಿ ಮಾಡಿದರು. ಹುನಗುಂದದ ಕಚೇರಿಗೆ ಅಲೆದೂ ಅಲೆದೂ ಚಪ್ಪಲಿ ಸವೆದವು. ಸಾಹೇಬರು ಬದಲಾದಾಗಲೆಲ್ಲ ಮಾತು ಮತ್ತೆ ಮೊದಲಿನಿಂದ...

ಕೊನೆಗೆ ಊರ ಪಡುವಣಕ್ಕೆ, ದನ ಮೇಯುವ ಗಾಯರಾಣದಲ್ಲಿ ಒಂದು ಭಾಗ ಮಂಜೂರಾಯಿತು. ಒಳ್ಳೆಯ ಮಣ್ಣು, ಆಳಕ್ಕೆ ತೋಡಿದರೂ ಕಲ್ಲು ತಾಗದು.

ಅಲ್ಲಿಗೆ ಒಂದು ಕಟ್ಟಳೆಯನ್ನೂ ನಾನೇ ಹಟ ಹಿಡಿದು ಮಾಡಿಸಿದೆ. ಯಾರೂ ತಮ್ಮ ಮನೆತನಕ್ಕೆಂದು ಜಾಗ ಹಿಡಿಯಕೂಡದು. ಬಂದವರು ಬಂದಂತೆ, ಸಾಲು ಹಿಡಿದು ಕೂರಬೇಕು. ಹಳೆಯ ಭೂಮಿಯಲ್ಲಿ, ಹೊಲವಿಲ್ಲದಿದ್ದರೂ ರೊಕ್ಕವುಳ್ಳವರು ಮುಂದಿನ ತಲೆಮಾರುಗಳಿಗೂ ಕಲ್ಲು ನೆಟ್ಟು ಬಡವರಿಗೆ ಎಡೆಯಿಲ್ಲದಂತೆ ಮಾಡಿದ್ದನ್ನು ಕಂಡಿದ್ದೆ.

ಬೇಲಿಯಾಯಿತು, ಪೂಜೆಯಾಯಿತು. ಆದರೆ ಒಬ್ಬರೂ ಬರಲಿಲ್ಲ!

ಸಾವಾದ ಮನೆಗಳಿಗೆ ನಾನೇ ಹೋಗಿ ಕೈಮುಗಿದು ಕೇಳಿದೆ. ಎಲ್ಲರದೂ ಒಂದೇ ಮಾತು. "ಅಲ್ಲಿ ಯಾರೂ ಇಲ್ಲಲ್ರಿ ಶಾಸ್ತ್ರಿಗಳ, ನಮ್ಮಪ್ಪನ್ನ ಒಬ್ಬನ್ನ ಹೆಂಗ ಬಿಟ್ಟು ಬರೂದ್ರಿ?"

ಮತ್ತೆ ಅದೇ ಹಳ್ಳದ ದಂಡೆ, ಅದೇ ಎಲುಬುಗಳು.

ಮನೆಯಲ್ಲಿ ನನ್ನಾಕೆ ನೀಲವ್ವ ಇದನ್ನೆಲ್ಲ ಕೇಳಿ ನಗುತ್ತಿದ್ದಳು. ಲಿಂಗೈಕ್ಯರಾದವರಿಗೆ ಒಂಟಿತನವೆಲ್ಲಿಯದು ಎಂದು ನಾನು ತತ್ತ್ವ ಹೇಳಿದರೆ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ ಉತ್ತರ ಬರುತ್ತಿತ್ತು.

"ಲಿಂಗದ ಜೋಡಿ ಸುಖ-ದುಃಖ ಮಾತಾಡಾಕ ಬರ್ತೈತೇನ್ರಿ? ಅಷ್ಟು ಚಲೋ ಜಗಾ ಇದ್ರ ಮೊದಲ ನೀವ ಹೋಗ್ರಿ. ನಾ ಹಿಂದಿಂದ ಬರ್ತೇನಿ."

ಅವಳು ಹಿಂದಿನಿಂದ ಬರಲಿಲ್ಲ.

ಮರುವರ್ಷದ ಬೇಸಗೆಯಲ್ಲಿ ಜ್ವರವೆಂದು ಮಲಗಿದವಳು ಮೇಲೇಳಲಿಲ್ಲ. ಬಾಗಲಕೋಟೆಯ ದವಾಖಾನೆಗೆ ಒಯ್ದೆವು. ಮರಳಿ ತಂದದ್ದು ಬರಿಯ ಕಾಯವನ್ನು.

ಅಂಗಳದಲ್ಲಿ ಗುದ್ದಲಿ ಹಿಡಿದು ಬಂದವರು ನನ್ನ ಮುಖ ನೋಡಿದರು. "ಎಲ್ಲಿ ತೆಗೀಬೇಕ್ರಿ, ಶಾಸ್ತ್ರಿಗಳ?"

ನಾನು ಬಾಯಿ ತೆರೆಯುವ ಮೊದಲೇ ಅವಳ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನಮ್ಮ ತಂಗಿ ಮನ್ಯಾಗ ಸುದ್ದಾ ಒಬ್ಬಾಕಿ ಮಲಗಿದಾಕಿ ಅಲ್ರಿ... ಅಲ್ಲಿ ಬ್ಯಾಡ್ರಿ."

ಅವಳು ಹೇಳಿದ್ದು ಖರೆ. ನಾನು ಪರಊರಿಗೆ ಪುರಾಣಕ್ಕೆ ಹೋದ ದಿನಗಳಲ್ಲಿ ನೀಲವ್ವ ನೆರೆಮನೆಯ ಹುಡುಗಿಯರನ್ನು ಕರೆತಂದು ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದಳು.

ಆದರೆ ಕೈಮುಗಿದು ಮನೆಮನೆಗೆ ಹೋದವನು ನಾನು. ಅವರವರ ತಂದೆ-ತಾಯಿಯರನ್ನು ಒಂಟಿಯಾಗಿ ಬಿಡಿರೆಂದು ಕೇಳಿದವನು ನಾನು.

ಹೊಸದರಲ್ಲಿ ತೆಗೆಯಿರಿ ಎಂದೆ. ಅಕ್ಕ ನನ್ನ ಕೈ ಬಿಟ್ಟಳು.

ವಿಭೂತಿ, ಬಿಲ್ವಪತ್ರೆ, ಅಂಗೈಯಲ್ಲಿ ಇಷ್ಟಲಿಂಗ... ಆ ಬಯಲಿನಲ್ಲಿ ಅವಳೊಬ್ಬಳನ್ನೇ ಕೂರಿಸಿ ಬಂದೆವು.

ಅಂದಿನಿಂದ ದಿನವೂ ಸಂಜೆ ಅಲ್ಲಿಗೆ ಹೋಗಿ ಕೂರುವುದು ರೂಢಿಯಾಯಿತು. ಶಾಸ್ತ್ರಿಗಳದು ದೊಡ್ಡ ವೈರಾಗ್ಯವೆಂದು ಜನ ಹೇಳಿಕೊಂಡರಂತೆ. ನಾನು ಮಾಡುತ್ತಿದ್ದುದು ಇಷ್ಟೇ, ಊರ ಸುದ್ದಿಯನ್ನು ಅವಳಿಗೆ ಹೇಳಿ ಬರುತ್ತಿದ್ದೆ.

ಶ್ರಾವಣದಲ್ಲಿ ನಮ್ಮ ಓಣಿಯ ಗಂಗವ್ವ ತೀರಿಕೊಂಡಳು. ನಳದ ಕಟ್ಟೆಯಲ್ಲಿ ಕೊಡ ಇಡುವ ಸಲುವಾಗಿ ನೀಲವ್ವನೊಡನೆ ಜೀವಮಾನವಿಡೀ ಜಗಳವಾಡಿದ ಹೆಂಗಸು. ಅವಳ ಮಕ್ಕಳು ಬಂದು ನನ್ನೆದುರು ಹಿಂಜರಿಯುತ್ತ ನಿಂತರು.

"ನಮ್ಮವ್ವ ಹೇಳಿ ಹೋಗ್ಯಾಳ್ರಿ. ನೀಲವ್ವನ ಮಗ್ಗಲಾಗ ಇಡ್ರಿ, ಆಕಿಗೆ ಬೈಯಾಕ ಒಬ್ಬರಾದ್ರೂ ಬೇಕಲ್ಲ ಅಂದ್ಲು."

ಅಳುವ ಮನೆಯಲ್ಲಿ ನನಗೆ ನಗು ಬಂದಿತು. ನಗುತ್ತಲೇ ಕಣ್ಣೊರೆಸಿಕೊಂಡೆ.

ಹಿರಿಯ ಮಗ ಮೆಲ್ಲಗೆ ಕೇಳಿದ. "ಆದ್ರ ಅದು ನಿಮ್ಮ ಜಗಾ ಅಲ್ರಿ?"

ನನ್ನದೇ ಆಗಲೆಂದು ಪ್ರತಿ ಸಂಜೆ ಕುಳಿತು ಕಾಯುತ್ತಿದ್ದ ಜಾಗವೇ ಅದು. ಆದರೆ ಕಟ್ಟಳೆ ನನ್ನದು. ಅಲ್ಲಿ ಯಾರ ಜಾಗವೂ ಇಲ್ಲಪ್ಪ, ಸಾಲು ಹಿಡಿದು ಇಡಿರಿ ಎಂದೆ.

ಗಂಗವ್ವ ಹೋದ ಮೇಲೆ ಊರಿನ ಅಂಜಿಕೆ ಬಿಟ್ಟಿತು. ಅಲ್ಲಿ ಮಂದಿ ಅದಾರ ಎನ್ನತೊಡಗಿದರು. ಒಂದು ಸಾಲು ತುಂಬಿತು, ಮತ್ತೊಂದು ತುಂಬಿತು. ನೀಲವ್ವನ ಮಗ್ಗುಲಿನಿಂದ ನನ್ನ ಸರದಿ ವರ್ಷ ವರ್ಷಕ್ಕೂ ದೂರ ಸರಿಯಿತು.

ಈಗ ಆ ರುದ್ರಭೂಮಿಯೂ ತುಂಬಿದೆ.

ಹೋದ ವಾರ ಪಂಚಾಯ್ತಿಯ ಹುಡುಗರು ಮನೆಗೆ ಬಂದಿದ್ದರು. ರಸ್ತೆಯಾಚೆ ಹೊಸ ಜಾಗ ಸಿಕ್ಕಿದೆಯಂತೆ. "ಜಗಾ ಏನೋ ಸಿಕ್ತ್ರಿ ಅಜ್ಜಾರ. ಆದ್ರ ಮೊದಲ ಹೋಗಾಕ ಯಾರೂ ಒಲ್ಲೆ ಅಂತಾರ," ಎಂದು ನೆಲ ನೋಡುತ್ತ ಕುಳಿತರು.

ಮೊದಲ ನೀವ ಹೋಗ್ರಿ ಎಂದಿದ್ದಳಲ್ಲ... ಅವಳ ಮಾತು ಈಗ ನಡೆಯುವ ಹಾಗೆ ಕಾಣುತ್ತದೆ. ನನ್ನ ಹೆಸರು ಬರೆದುಕೊಳ್ಳಿ ಎಂದು ಹೇಳಿ ಕಳಿಸಿದ್ದೇನೆ.

ಆದರೆ ನನ್ನನ್ನು ಬೈಯಲೆಂದು ಹಿಂದಿನಿಂದ ಬರುವವರು ಯಾರಾದರೂ ಇದ್ದಾರೆಯೇ?