ಸ್ಲೇಟಿನ ಹಿಂದಿನ ದಾಳ

ಎಂಬತ್ತರ ದಶಕದ ಮೊದಲ ಭಾಗದಲ್ಲಿ ನಾನು ಮೂಡಬಿದ್ರೆಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಪೇಟೆಯ ಹಿಂಭಾಗದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎದ್ದವಳೇ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿ, ಮಂಚದ ಬರಿ ಹಲಗೆಯ ಮೇಲೆ ಆಟದ ಕಾಡು ಕಟ್ಟಲು ಕೂರುತ್ತಿದ್ದೆ. ಮುರಕಲ್ಲಿನ ಚೂರುಗಳು ಗುಡ್ಡ. ನೀಲಿ ಸೀಮೆಸುಣ್ಣದಲ್ಲಿ ಎಳೆದದ್ದು ಹೊಳೆ. ಬೆಂಕಿಪೆಟ್ಟಿಗೆಗಳಿಗೆ ಮಣ್ಣು ಮೆತ್ತಿದರೆ ಪಾಳುಕೋಟೆ. ಅದರ ನಡುವೆ ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಗೊಂಬೆಗಳನ್ನು ನಿಲ್ಲಿಸುತ್ತಿದ್ದೆ.

ಆಡುವವರು ಮೂವರು, ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವರು. ಒಬ್ಬಳು ಬಂಟ್ವಾಳದ ಕಡೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಅವಳು ಬಿ.ಸಿ.ರೋಡಿನಿಂದ ಬಸ್ಸು ಹತ್ತಿ ಬರುತ್ತಿದ್ದಳು. ಇನ್ನೊಬ್ಬಳು ಬೆಳ್ತಂಗಡಿಯಲ್ಲಿ ಒಂದು ಸಣ್ಣ ಆಸ್ಪತ್ರೆಯ ನರ್ಸು. ಮೂರನೆಯವಳು ಪುತ್ತಿಗೆಯ ಜೈನರ ಮನೆಯವಳು, ನಮ್ಮ ಶಾಲೆಯಲ್ಲಿಯೇ ಗಣಿತದ ಟೀಚರ್. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವವರು ಅವರು. ಹಾಗಾಗಿ ಗಣಿತದವಳು ಐದಕ್ಕೆ ಎದ್ದುಬಿಡುತ್ತಿದ್ದಳು. ನರ್ಸಿಗೆ ಐದೂವರೆಗೆ ಕೊನೆಯ ಬಸ್ಸು. ನಾನು ಎಂಥ ಕಥೆ ಕಟ್ಟಿದರೂ ಅದು ಐದಕ್ಕೆ ಮುಗಿಯಲೇಬೇಕಿತ್ತು.

ಈ ಆಟವನ್ನು ಯಾರೂ ನನಗೆ ಕಲಿಸಿದ್ದಲ್ಲ. ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಬಾಡಿಗೆಗೆ ಸಿಗುತ್ತಿದ್ದ ಅಗ್ಗದ ಸಾಹಸದ ಕಾದಂಬರಿಗಳನ್ನು ಪಠ್ಯಪುಸ್ತಕದ ಒಳಗಿಟ್ಟು ಓದಿ ಬೆಳೆದವಳು ನಾನು. ಕಳ್ಳಸಾಗಣೆಗಾರರು, ಗುಪ್ತ ಸುರಂಗ, ಕಾಡಿನಲ್ಲಿ ಬಿದ್ದ ವಿಮಾನ. ಓದಿ ಮುಗಿದ ಮೇಲೂ ಅವು ತಲೆಯಲ್ಲಿ ನಡೆಯುತ್ತಲೇ ಇರುತ್ತಿದ್ದವು. ಆಪರೇಟರಿನ ಅಪ್ಪ ನೇತ್ರಾವತಿಯ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿದ್ದರು. ನಾನು ಜೇಡಿಮಣ್ಣಿನಲ್ಲಿ ಮಾಡಿ ಒಣಗಿಸಿದ ಗೊಂಬೆಗಳನ್ನು ಅವರು ಹಂಚುಗಳ ಸಂದಿಯಲ್ಲಿಟ್ಟು ಗೂಡಿನಲ್ಲಿ ಸುಟ್ಟು ಕೊಡುತ್ತಿದ್ದರು. ಹತ್ತರಲ್ಲಿ ಮೂರು ಒಡೆದು ಬರುತ್ತಿದ್ದವು. ಉಳಿದವಕ್ಕೆ ಶಾಲೆಯ ಬಣ್ಣದಿಂದ ಅಂಗಿ, ಮೀಸೆ, ಬಂದೂಕು.

ಒಬ್ಬೊಬ್ಬಳಿಗೆ ಒಬ್ಬ ನಾಯಕಿ, ಇಬ್ಬರು ಜೊತೆಗಾರರು. ಗಂಟು ಹಾಕಿದ ಹುರಿಯಿಂದ ಅಳೆದು ನಡೆಯಬೇಕು. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ತೆಂಗಿನ ಗೆರಟೆಯಲ್ಲಿ ಕುಲುಕಿ ಹಾಕಿದ ದಾಳ ಹೇಳುತ್ತದೆ. ನಾನು ಆಡುವವಳಲ್ಲ, ಆಡಿಸುವವಳು. ಡಕಾಯಿತರು, ಹುಲಿ, ಹಾವು, ಬಿರುಗಾಳಿ ಎಲ್ಲ ನನ್ನ ಪಾಲಿಗೆ. ಅವರಿಗೆ ಗೊತ್ತಾಗಬಾರದ ಸಂಗತಿಗಳಿಗೆ ನಾನೊಂದು ಸ್ಲೇಟು ಅಡ್ಡ ನಿಲ್ಲಿಸಿ, ಅದರ ಹಿಂದೆ ದಾಳ ಹಾಕಿ, ನೋಡಿ, ಫಲ ಮಾತ್ರ ಹೇಳುತ್ತಿದ್ದೆ. ದಾಳ ಹೇಳಿದ್ದನ್ನು ಬದಲಾಯಿಸುವುದಿಲ್ಲ ಎಂಬುದು ನನ್ನ ಹೆಮ್ಮೆಯಾಗಿತ್ತು. ಈಗ ಹೇಳಹೊರಟ ಭಾನುವಾರದವರೆಗೆ ಬದಲಾಯಿಸಿರಲೂ ಇಲ್ಲ.

ನಮ್ಮ ನಡುವಿನ ಮಾತು ತುಳು. ಆದರೆ ಆಟ ಶುರುವಾದರೆ ಎಲ್ಲರೂ ಕನ್ನಡಕ್ಕೆ ಬದಲಾಗುತ್ತಿದ್ದರು. ಕಾದಂಬರಿಯ ಸಾಹಸಿಗಳು ಕನ್ನಡದಲ್ಲಲ್ಲವೇ ಮಾತಾಡುವುದು!

ಆ ಭಾನುವಾರ ನರ್ಸು ತಡವಾಗಿ ಬಂದಳು. ಕೈಕಾಲು ತೊಳೆದು ಬಂದು ಮಂಚದ ಬದಿಯಲ್ಲಿ ಕೂತವಳು ಬಾಯಿ ಬಿಡಲಿಲ್ಲ. ನೈಟ್ ಡ್ಯೂಟಿ ಆಗಿರಬೇಕು ಅಂದುಕೊಂಡೆ. ಆಪರೇಟರು ಅವಳ ಮುಖವನ್ನೇ ನೋಡುತ್ತಿದ್ದಳು. ನನಗೆ ಅದೂ ಹೊಳೆಯಲಿಲ್ಲ. ನನ್ನ ತಲೆಯ ತುಂಬ ಕೋಟೆಯೇ ಇತ್ತು.

ಕಥೆ ಹೀಗಿತ್ತು. ಕಾಡಿನ ನಡುವೆ ಪಾಳುಕೋಟೆ, ಕೋಟೆಯ ಮುಂದೆ ದೊಡ್ಡ ಕೆರೆ, ಒಳಗೆ ಒಂದು ತಾಮ್ರದ ಹಲಗೆ. ಅದನ್ನು ಡಕಾಯಿತರಿಗಿಂತ ಮೊದಲು ಎತ್ತಿಕೊಂಡು ಬರಬೇಕು. ಸುರಂಗದ ಬಾಗಿಲು ಗೊತ್ತಿರುವುದು ಕೋಲು ಹಿಡಿದ, ದಾರಿ ತೋರಿಸುವ ಒಬ್ಬ ಮುದುಕನಿಗೆ ಮಾತ್ರ. ಅವನು ಕೆರೆಯ ಆಚೆ ಕಾಯುತ್ತಿದ್ದಾನೆ. ಮೂರನೆಯ ಸುತ್ತಿನಲ್ಲಿ ಅವನಿಗೆ ಹಾವು ಕಚ್ಚುತ್ತದೆ ಎಂದು ನಾನು ವಾರದ ಹಿಂದೆಯೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ.

ಮೂರನೆಯ ಸುತ್ತು ಬಂತು. "ಕಲ್ಲಿನ ಸಂದಿಯಿಂದ ಹಾವು ಬಂದು ಮುದುಕನ ಪಾದಕ್ಕೆ ಕಚ್ಚಿತು" ಅಂದೆ, ಸ್ವಲ್ಪ ದನಿ ಏರಿಸಿಯೇ.

ನರ್ಸಿನ ಕೈಯಲ್ಲಿದ್ದ ಹುರಿ ಜಾರಿ ಕೆಳಗೆ ಬಿತ್ತು. ಅವಳು ಅದನ್ನು ಎತ್ತಲಿಲ್ಲ.

"ಚಾ ಕುಡಿಯುವ" ಎಂದು ಆಪರೇಟರು ಎದ್ದು, ನನ್ನನ್ನು ಎಳೆದುಕೊಂಡೇ ಅಡುಗೆಮನೆಗೆ ಬಂದಳು. ಬಾಗಿಲು ಅರ್ಧ ಮುಚ್ಚಿ, "ಆ ಹಾವನ್ನು ತೆಗಿ ಮಾರಾಯ್ತಿ" ಅಂದಳು.

"ಹೇಳಿ ಆಯ್ತಲ್ಲ. ಇನ್ನು ಹೇಗೆ ತೆಗೆಯುವುದು? ಯಾಕೆ, ಎಂತಾಯ್ತು?"

"ಅದನ್ನು ಹೇಳ್ಲಿಕ್ಕೆ ಆಗುವುದಿಲ್ಲ ನನಗೆ. ನನ್ನ ಕೆಲಸ ಎಂಥದ್ದು ಅಂತ ನಿನಗೆ ಗೊತ್ತುಂಟಲ್ಲ."

ಲೈನಿನಲ್ಲಿ ಕೇಳಿದ್ದನ್ನು ಅವಳು ಹೊರಗೆ ಆಡಿದ್ದೇ ಇಲ್ಲ. ಯಾರ ಮನೆಯ ಮದುವೆ ಮುರಿಯಿತು, ಯಾರ ಮಗ ಬೊಂಬಾಯಿಯಿಂದ ಅಳುತ್ತಾ ಫೋನು ಮಾಡಿದ, ಒಂದು ಶಬ್ದವೂ ಇಲ್ಲ. ಅಂಥವಳು ಇಷ್ಟು ಹೇಳಿದಳೆಂದರೆ ಏನೋ ಆಗಿದೆ ಎಂದು ಆಗ ನನಗೆ ತಿಳಿಯಿತು. ಚಾ ಉಕ್ಕಿ ಸ್ಟವ್ವಿನ ಮೇಲೆ ಚೆಲ್ಲಿತು.

"ಹಾಗಾದರೆ ಅವನನ್ನು ಸಾಯಿಸಬೇಡ. ಅಷ್ಟು ಮಾಡು" ಅಂದಳು ಅವಳು.

ಆಟಕ್ಕೆ ತಿರುಗಿ ಕೂತಾಗ ನಾಲ್ಕು ಗಂಟೆ ದಾಟಿತ್ತು. ಔಷಧಿಯ ಪೆಟ್ಟಿಗೆ ಇದ್ದದ್ದು ನರ್ಸಿನ ನಾಯಕಿಯ ಹತ್ತಿರ, ಕೆರೆಯ ಈಚೆ. ದೋಣಿ ಇದ್ದದ್ದು ಗಣಿತದವಳ ಹತ್ತಿರ. ದೋಣಿ ಕೊಟ್ಟರೆ ಗಣಿತದವಳ ಮೂವರೂ ದಡದಲ್ಲಿಯೇ ಉಳಿಯುತ್ತಾರೆ, ಹಿಂದೆ ಡಕಾಯಿತರು ಬರುತ್ತಿದ್ದಾರೆ. ಅವಳು ಹುರಿ ಹಿಡಿದು ಎರಡು ಸಲ ಅಳೆದಳು. ಬೆರಳಲ್ಲಿ ಲೆಕ್ಕ ಹಾಕಿದಳು.

"ದೋಣಿ ಕೊಡು" ಅಂದಳು ನರ್ಸು. ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ಕೊಡ್ತೇನೆ. ಆದರೆ ಅವನಿಗೆ ಜೀವ ಉಂಟಾ ಅಂತ ಮೊದಲು ಗೊತ್ತಾಗಬೇಕು. ಸತ್ತವನಿಗಾಗಿ ನನ್ನ ಮೂರು ಜನರನ್ನು ಕಳಕೊಳ್ಳುವುದಿಲ್ಲ." ಗಣಿತದವಳು ನನ್ನ ಕಡೆ ತಿರುಗಿದಳು. "ಜೀವ ಉಂಟಾ?"

ನಿಯಮ ನಾನೇ ಬರೆದದ್ದು. ಪ್ರತಿ ಸುತ್ತಿಗೂ ಸ್ಲೇಟಿನ ಹಿಂದೆ ಒಂದು ದಾಳ. ಒಂದು ಬಿದ್ದರೆ ವಿಷ ಏರಿ ಸಾಯುತ್ತಾನೆ, ಬೇರೆ ಯಾವುದು ಬಿದ್ದರೂ ಬದುಕಿರುತ್ತಾನೆ. ಆರರಲ್ಲಿ ಐದು ಪಾಲು ಅವನದೇ. ಗೆರಟೆ ಕುಲುಕಿ ಹಾಕಿದೆ.

ಒಂದು ಬಿತ್ತು.

ತಲೆ ಎತ್ತಿದರೆ ನರ್ಸು ನನ್ನ ತುಟಿಯನ್ನೇ ನೋಡುತ್ತಿದ್ದಳು. ಅವಳ ಕುತ್ತಿಗೆಯ ನರ ಹೊಡೆದುಕೊಳ್ಳುವುದು ನನಗೆ ಕಾಣುತ್ತಿತ್ತು. ಮಣ್ಣಿನ ಒಂದು ಗೊಂಬೆಯ ಮಾತು ಅಲ್ಲಿ ನಡೆಯುತ್ತಿಲ್ಲ ಎಂದು ಗೊತ್ತಾಯಿತು. ಮತ್ತೇನೆಂದು ಗೊತ್ತಾಗಲಿಲ್ಲ.

"ಉಂಟು" ಅಂದೆ.

ಗಣಿತದವಳು ದೋಣಿಯನ್ನು ತಳ್ಳಿದಳು. ನಾನು ಡಕಾಯಿತರನ್ನು ನಡೆಸಬೇಕಾಯಿತು, ನಡೆಸಿದೆ. ಅವಳ ಇಬ್ಬರು ಜೊತೆಗಾರರು ಬಿದ್ದರು, ನಾಯಕಿ ಸೆರೆಯಾದಳು. ಅವಳು ತುಟಿ ಕಚ್ಚಿಕೊಂಡು ಗೊಂಬೆಗಳನ್ನು ಹಲಗೆಯ ಆಚೆ ಇಟ್ಟಳು. ನರ್ಸು ಹುರಿಯಿಂದ ಕೆರೆಯನ್ನು ಅಳೆಯುತ್ತಿದ್ದಳು. ಇನ್ನೊಂದು ಸುತ್ತು ಬೇಕು, ದೋಣಿ ನಡುನೀರಿನಲ್ಲಿದೆ.

ಮತ್ತೆ ದಾಳ ಹಾಕುವ ಸರದಿ ನನ್ನದು. ಹಾಕಿದೆ. ನೋಡುವ ಧೈರ್ಯವಾಗಲಿಲ್ಲ. "ಜೀವ ಉಂಟು" ಅಂದೆ.

"ನೀನು ದಾಳ ನೋಡಲೇ ಇಲ್ಲ" ಅಂದಳು ಗಣಿತದವಳು.

ನಾನು ಸ್ಲೇಟನ್ನು ನೆಟ್ಟಗೆ ಹಿಡಿದುಕೊಂಡೆ.

"ನೋಡದೆ ಹೇಗೆ ಹೇಳಿದ್ದು? ಆಗಲೂ ಹೀಗೆಯೇ ಹೇಳಿದ್ದಾ? ನನ್ನ ಮೂವರು ಹೋದದ್ದು ಹಾಗೆಯಾ?"

"ಬಿಡು ಮಾರಾಯ್ತಿ, ಆಟ ಅಲ್ವಾ" ಎಂದು ಆಪರೇಟರು ಅವಳ ಕೈ ಹಿಡಿದಳು.

"ಆಟ ಅಂತಲೇ ಕೇಳುವುದು. ಸ್ಲೇಟು ತೆಗೆಯಲಿ, ನೋಡುವ."

ಸ್ಲೇಟನ್ನು ತೆಗೆದದ್ದು ನರ್ಸು. ಈಗ ಬಿದ್ದದ್ದು ನಾಲ್ಕು. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು. "ಇದಲ್ಲ. ಇದಕ್ಕಿಂತ ಮುಂಚೆ ಬಿದ್ದದ್ದು ಎಷ್ಟು?"

"ಒಂದು" ಅಂದೆ.

ಅವಳು ಕೈ ಚಾಚಿ ಮುದುಕನ ಗೊಂಬೆಯನ್ನು ಮೆಲ್ಲಗೆ ಮಗ್ಗುಲಾಗಿ ಮಲಗಿಸಿದಳು. "ಪೋಯೆ" ಅಂದಳು, ತುಳುವಿನಲ್ಲಿ. ಹೋದ. "ಹೋದ ಅಂತ ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ? ಆಗಲೇ ಹೇಳಬೇಕಿತ್ತು. ಆಗಲೇ."

ಆಮೇಲೆ ಅವಳು ಅತ್ತಳು. ಅತ್ತುಕೊಂಡೇ ಹೇಳಿದಳು. ಆ ವಾರ ಮಧ್ಯಾಹ್ನದ ಹೊತ್ತು, ಸೊಪ್ಪು ತರಲು ಹೋಗಿದ್ದ ಒಬ್ಬಳು ಹೆಂಗಸಿಗೆ ಹಾವು ಕಚ್ಚಿ, ಗಂಡ ಜೀಪಿನಲ್ಲಿ ಹಾಕಿಕೊಂಡು ಬಂದಿದ್ದ. ಡಾಕ್ಟರು ಒಂದು ಹೆರಿಗೆಗೆಂದು ದೂರದ ಹಳ್ಳಿಗೆ ಹೋಗಿದ್ದರು. ಇದ್ದ ಇಂಜೆಕ್ಷನ್ ಸಾಲದೆ, ಮಂಗಳೂರಿನಿಂದ ತರಿಸಲು ಇವಳು ಟ್ರಂಕ್ ಕಾಲ್ ಮಾಡಿದಳು. ಆ ಕರೆಯನ್ನು ಜೋಡಿಸಿದ್ದು ಆಪರೇಟರು. ಗೆಳತಿಯ ನಡುಗುವ ದನಿಯನ್ನು ಅವಳು ಗುರುತಿಸಿದ್ದಳು. ಲೈನು ಕೊಟ್ಟು ಸುಮ್ಮನಿರಬೇಕಾಗಿತ್ತು, ಸುಮ್ಮನಿದ್ದಳು. ಕರೆ ಮುಗಿದು ಸ್ವಲ್ಪ ಹೊತ್ತಿನಲ್ಲಿಯೇ ಹೆಂಗಸು ತೀರಿಕೊಂಡಳು. ಡಾಕ್ಟರು ಬರುವವರೆಗೆ ಹೇಳಬೇಡ ಎಂದು ಹಿರಿಯ ನರ್ಸು ತಡೆದಳು. ಬಾಗಿಲಲ್ಲಿ ನಿಂತ ಗಂಡ ಮತ್ತೆ ಮತ್ತೆ ಕೇಳುತ್ತಿದ್ದ. ಇವಳು ಒಂದು ಗಂಟೆಗಿಂತ ಹೆಚ್ಚು ಹೊತ್ತು "ಜೀವ ಉಂಟು, ಮದ್ದು ಬರ್ತಾ ಉಂಟು" ಎಂದೇ ಹೇಳಿದ್ದಳು.

"ಆ ಗಂಡ ಅಷ್ಟನ್ನೇ ನಂಬಿಕೊಂಡು ನಿಂತಿದ್ದ" ಅಂದಳು. "ಈಗ ನಾನೂ ಹಾಗೆಯೇ ನಿಂತೆನಲ್ಲ, ನಿನ್ನ ಮುಂದೆ."

ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಕರುಣೆಯಿಂದ ಮಾಡಿದೆ ಅಂದುಕೊಂಡದ್ದು ಅವಳ ಗಾಯಕ್ಕೇ ಹೋಗಿ ತಾಗಿತ್ತು.

ಐದೂವರೆಯ ಬಸ್ಸು ಹೋಯಿತು. ಗಣಿತದವಳು ಏಳಲಿಲ್ಲ. ಕಿಟಕಿಯ ಹೊರಗೆ ಬಿಸಿಲು ಇಳಿಯುವುದನ್ನು ಕಂಡು ನಾನೇ, "ನಿನಗೆ ಊಟಕ್ಕೆ ಹೊತ್ತಾಯಿತು" ಎಂದು ನೆನಪಿಸಿದೆ. "ಇವತ್ತು ಊಟ ಬೇಡ" ಅಂದಳು. ನರ್ಸಿನ ಬೆನ್ನು ಸವರುತ್ತಾ ಕೂತೇ ಇದ್ದಳು. ಸೂರ್ಯ ಮುಳುಗಿದ ಮೇಲೆ ಎದ್ದು, ಒಂದು ತೊಟ್ಟು ನೀರೂ ಕುಡಿಯದೆ, ಪುತ್ತಿಗೆಯ ಕಡೆಗೆ ನಡೆದುಕೊಂಡು ಹೋದಳು. ಹೋಗುವಾಗ ಅಂಗಳದಲ್ಲಿ ನನಗೆ ಹೇಳಿದಳು: "ನಾನು ಕೇಳಿದ್ದು ತಪ್ಪಾಯ್ತಾ ಅಂತ ಕಾಣ್ತದೆ. ಆದರೆ ಇನ್ನೊಮ್ಮೆ ಹೀಗಾದರೂ ಕೇಳ್ತೇನೆ."

ಮುಂದಿನ ತಿಂಗಳು ಆಟ ಆಗಲಿಲ್ಲ. ಅದರ ಮುಂದಿನ ತಿಂಗಳು ಆಯಿತು. ಆಗಿನಿಂದ ಎಲ್ಲ ದಾಳವೂ ಎಲ್ಲರ ಕಣ್ಣೆದುರಿಗೆ. ಗುಟ್ಟು ಕಡಿಮೆಯಾಯಿತು. ವಿಚಿತ್ರವೆಂದರೆ ಅವರ ಉಸಿರು ಬಿಗಿ ಹಿಡಿಯುವುದು ಹೆಚ್ಚಾಯಿತು. ಮೂರು ವರ್ಷ ಹೀಗೆ ಆಡಿದೆವು. ಆಪರೇಟರಿಗೆ ವರ್ಗವಾಗಿ, ಗಣಿತದವಳಿಗೆ ಮದುವೆಯಾಗಿ ನಿಂತುಹೋಯಿತು.

ಆದರೆ ಆಟ ಆಗದಿದ್ದ ಆ ಮೊದಲ ತಿಂಗಳಲ್ಲಿ ನರ್ಸು ನನಗೊಂದು ಕಾರ್ಡು ಬರೆದಿದ್ದಳು. 'ಆ ಮನೆಗೆ ಹೋಗಬೇಕು ಅಂತ ಉಂಟು. ಒಬ್ಬಳಿಗೆ ಆಗುವುದಿಲ್ಲ. ಬರ್ತೀಯಾ?'

ಬೆಳ್ತಂಗಡಿಯಿಂದ ಮೂಡಬಿದ್ರೆಯ ಕಡೆಗೆ ಬರುವ ದಾರಿಯಲ್ಲಿಯೇ ಬಸ್ಸು ಇಳಿದು, ಗದ್ದೆಯ ಬದುವಿನಲ್ಲಿ ಕಾಲು ಗಂಟೆ ನಡೆದೆವು. ಜಗಲಿಯಲ್ಲಿ ಒಬ್ಬ ಮುದುಕಿ ಬೀಡಿ ಕಟ್ಟುತ್ತಿದ್ದಳು. ನರ್ಸನ್ನು ನೋಡಿ ಕತ್ತರಿ ಕೆಳಗಿಟ್ಟಳು. ಒಳಗಿಂದ ತೀರಿಕೊಂಡವಳ ಗಂಡ ಬಂದ. ನಾನು ಹೊಡೆದಾಟಕ್ಕೂ ಸಿದ್ಧಳಾಗಿ, ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಅವನು ಬೆಲ್ಲ, ನೀರು ತಂದಿಟ್ಟು ದೂರ ನಿಂತ.

ನರ್ಸು ನೀರು ಮುಟ್ಟಲಿಲ್ಲ. "ಆ ದಿನ ನಾನು ನಿಮಗೆ ಸುಳ್ಳು ಹೇಳಿದೆ. ಜೀವ ಉಂಟು ಅಂದೆ. ಆಗ ಇರಲಿಲ್ಲ" ಅಂದಳು.

"ಅದು ಗೊತ್ತಾಯಿತು. ಮತ್ತೆ ಎಲ್ಲರೂ ಹೇಳಿದರು." ಅವನ ದನಿಯಲ್ಲಿ ಏರಿಳಿತವಿರಲಿಲ್ಲ. "ತರುವಾಗಲೇ ಹೋಗಿದ್ದಳು ಅಂತ ಹೇಳಿದರು."

"ಇಲ್ಲ" ಅಂದಳು ಇವಳು. "ಅದು ಸುಳ್ಳು. ನೀವು ತಂದಾಗ ಜೀವ ಇತ್ತು. ಇಪ್ಪತ್ತು ನಿಮಿಷ ಇತ್ತು. ನನ್ನ ಕೈ ಹಿಡಿದಿದ್ದರು. ಬಾಯಿ ತಿರುಗುತ್ತಿರಲಿಲ್ಲ, ಆದರೆ ಹೆಸರು ಕರೆದರೆ ಕಣ್ಣು ಬಿಡುತ್ತಿದ್ದರು."

ಅವನು ಕಂಬ ಹಿಡಿದು ಕೂತ.

"ಜೀಪಿನಲ್ಲಿ ನಾನು ದಾರಿ ಉದ್ದಕ್ಕೂ ಮಾತಾಡಿದ್ದೆ ಅಕ್ಕ" ಅಂದ. "ಹಾಗಾದರೆ ಅವಳಿಗೆ ಕೇಳಿರಬಹುದಾ?"

"ಕೇಳಿರಬಹುದು" ಅಂದಳು ನರ್ಸು. ಖಂಡಿತ ಎನ್ನಲಿಲ್ಲ.

ಅವನು ನಮ್ಮನ್ನು ಬಿಡಲು ರಸ್ತೆಯವರೆಗೆ ಬಂದ. ಮೂಡಬಿದ್ರೆಯ ಬಸ್ಸು ಮೊದಲು ಬಂತು, ನಾನು ಹತ್ತಿದೆ. ಹಿಂದಿನ ಸೀಟಿನಿಂದ ತಿರುಗಿ ನೋಡಿದಾಗ ಅವನು ಅವಳಲ್ಲಿ ಏನೋ ಕೇಳುತ್ತಿದ್ದ. ಅವಳು ರಸ್ತೆಯ ಬದಿಯಲ್ಲಿ ನಿಂತು, ಅವಸರವಿಲ್ಲದೆ, ಒಂದೊಂದಾಗಿ ಉತ್ತರ ಹೇಳುತ್ತಿದ್ದಳು.